ಗಾಳಿಗೆ ಸಾಕು ಅನ್ನುವವನು

ಗಾಳಿಗೆ ಸಾಕು ಅನ್ನುವುದು ನನ್ನ ಕೆಲಸ.
ಅದಕ್ಕೆ ಸಂಬಳ, ರಾತ್ರಿಪಾಳಿಯ ಭತ್ಯೆ,
ಕರ್ಕ್‌ವಾಲ್ ಬಂದರಿನ ಕಡೆಗೊಂದು ಕಿಟಕಿ.

ಓರ್ಕ್ನಿಯಲ್ಲಿ ಮರ ಎದ್ದು ನಿಲ್ಲುವುದು ಅಪರೂಪ.
ಇದ್ದಿದ್ದರೆ ಗಾಳಿ ಅವುಗಳ ಮೇಲಾದರೂ ಸಿಟ್ಟು ತೀರಿಸಿಕೊಳ್ಳುತ್ತಿತ್ತು.
ಈಗ ಅದರ ಕೈಗೆ ಸಿಗುವುದು ಒಣಹಾಕಿದ ಬಟ್ಟೆ, ಕುರಿಯ ಉಣ್ಣೆ,
ಗುಡ್ಡದ ಮೇಲಿನ ನಮ್ಮ ಬಿಳಿ ರೆಕ್ಕೆಗಳು.

ಉತ್ತರದ ಆ ಪುಟ್ಟ ದ್ವೀಪಕ್ಕೆ ಬೇಕಾದ್ದು ಒಂದು ಕೊಡ,
ಬೀಸಿ ಬರುವುದು ಒಂದು ಕೆರೆ.
ಮಿಕ್ಕಿದ್ದನ್ನು ದಾಟಿಸಲು ಸಮುದ್ರದಡಿ ಒಂದೇ ತಂತಿ,
ಅದರ ಗಂಟಲು ಕಿರಿದು.
ಗಂಟಲು ಕಟ್ಟಿದಾಗ ನನ್ನ ಪರದೆ ಕೆಂಪಾಗುತ್ತದೆ,
ನಾನು ಗುಂಡಿ ಒತ್ತುತ್ತೇನೆ.
ಭರ್ರನೆ ಬೀಸುವ ಗಾಳಿಯ ನಟ್ಟನಡುವೆ
ರೆಕ್ಕೆಗಳು ಮುಖ ತಿರುಗಿಸಿ ನಿಲ್ಲುತ್ತವೆ,
ಊಟಕ್ಕೆ ಕೂತವರನ್ನು ಎಬ್ಬಿಸಿದ ಹಾಗೆ.

ಗಾಳಿ ಬಂದಾಗ ತೂರಿಕೋ ಅಂತ ಎಲ್ಲರೂ ಹೇಳುತ್ತಾರೆ.
ತೂರಿದ್ದನ್ನು ಸುರಿಯಲು ಹಗೇವು ಎಲ್ಲಿದೆ ಅಂತ
ಹನ್ನೆರಡು ವರ್ಷ ಒಬ್ಬರೂ ಹೇಳಲಿಲ್ಲ.

ಆಮೇಲೆ ಕಾರುಗಳು ಬಂದವು, ದೋಣಿಗೆ ಎರಡು ಮೂರರಂತೆ.
ಕಾರು ಓಡುತ್ತದೆ ಅನ್ನುವುದು ಭ್ರಮೆ, ನಾನು ಲೆಕ್ಕ ಇಟ್ಟಿದ್ದೇನೆ:
ಕಾರು ನಿಂತಿರುತ್ತದೆ.
ಕೊಟ್ಟಿಗೆಯ ಪಕ್ಕ, ಚರ್ಚಿನ ಗೋಡೆಯ ಮರೆಗೆ, ಏಡಿಬುಟ್ಟಿಗಳ ಹಿಂದೆ
ಬಳ್ಳಿ ಚುಚ್ಚಿಕೊಂಡು ನಿಂತ
ನಲವತ್ತೊಂದು ಹಗೇವು, ಚಕ್ರದ ಮೇಲೆ.

ಒಬ್ಬೊಬ್ಬರೂ ಒಂದು ಗೆರೆ ಎಳೆದುಕೊಟ್ಟರು:
ಇದರ ಕೆಳಗೆ ಮುಟ್ಟಬೇಡ.
ಕ್ಲೌಸ್ಟನ್ ಸೋದರರದು ತೊಂಬತ್ತು, ಜೊತೆಗೆ ವಕೀಲರ ಕಾಗದ.
ಮುದುಕ ಡ್ರೆವರ್ ಗೆರೆಯನ್ನೇ ಎಳೆಯಲಿಲ್ಲ. "ಪೂರಾ ಬಳಿದುಕೋ.
ರಸ್ತೆ ಹನ್ನೊಂದು ಮೈಲಿಗೆ ಮುಗಿಯುತ್ತೆ, ನಾನು ಹೋಗುವುದಾದರೂ ಎಲ್ಲಿಗೆ?"
ದನದ ಡಾಕ್ಟರು ಎಡ್ವಿನಾ ಫ್ಲೆಟ್ ನಲವತ್ತು ಅಂದರು,
ಪಾತ್ರೆಯ ತಳದಲ್ಲಿ ಹೆಪ್ಪಿಗೆ ಉಳಿಸುವವರ ದನಿಯಲ್ಲಿ.

ಫೆಬ್ರವರಿಯ ಎರಡನೇ ವಾರ ಗಾಳಿ ಸತ್ತಿತು.
ಸಮುದ್ರ ಎಣ್ಣೆ. ಹೊಗೆ ನೆಟ್ಟಗೆ.
ನಾನು ಒತ್ತದೆಯೇ ರೆಕ್ಕೆಗಳು ನಿಂತವು, ಯಾಕೋ ಅವಮಾನವಾಯಿತು.
ತಂತಿಯ ಆಚೆಯಿಂದಲೂ ತೊಟ್ಟು ತೊಟ್ಟಾಗಿಯೇ ಬರುತ್ತಿತ್ತು.
ಕಡ ತೆಗೆಯತೊಡಗಿದೆ, ಅಲ್ಲೊಂದು ಪಾವು, ಇಲ್ಲೊಂದು ಚಟಾಕು.
ಹೋದ ಭಾನುವಾರ ಹೆಂಚು ಹಾರಿಸಿದ ಬಿರುಗಾಳಿ
ಡ್ರೆವರನ ಕಾರಿನಿಂದ ಮೆಲ್ಲಗಿಳಿದು
ಶಾಲೆಯ ಹೀಟರಿಗೆ, ಯಾರದೋ ಕೆಟಲಿಗೆ,
ನಿದ್ದೆ ಬಾರದ ಇನ್ಯಾರದೋ ರೇಡಿಯೋಗೆ ಹೋಯಿತು.

ರಾತ್ರಿ ಮೂರೂ ಹತ್ತಕ್ಕೆ ಪರದೆಯಿಂದ ಒಂದು ಚುಕ್ಕಿ ಕಳಚಿತು.
ಫ್ಲೆಟ್.
ಮೂವತ್ತೇಳು.
ಮೂರು ಹೆಚ್ಚಿಗೆ ತೆಗೆದಿದ್ದೆ,
ಬೆಳಗಾಗುವಷ್ಟರಲ್ಲಿ ತುಂಬಿದರಾಯಿತು, ಯಾರು ನೋಡುತ್ತಾರೆ ಅಂತ.

ಕಳ್ಳತನ ಇಷ್ಟು ಸಣ್ಣದಿದ್ದಾಗ
ಅದಕ್ಕೆ ಒಂದು ಹೆಸರೂ ಇರುವುದಿಲ್ಲ.
ಕಾಫಿ ಮಾಡಿದೆ, ಕುಡಿಯಲಿಲ್ಲ.
ಮಂಜಿನಲ್ಲಿ ಯಾವ ಓಣಿ, ಯಾವ ತಿರುವು, ಇನ್ನೆಷ್ಟು ಉಳಿದಿದೆ,
ಬಳ್ಳಿ ಕಳಚಿದ ಕಾರು ನನಗೆ ಏನನ್ನೂ ಹೇಳುವುದಿಲ್ಲ.

ಆರೂ ನಲವತ್ತಕ್ಕೆ ಚುಕ್ಕಿ ಮರಳಿತು. ಆರು ಶೇಕಡ.
ಹಿಂದೆಯೇ ಮೊಬೈಲಿಗೆ ಒಂದು ಸಾಲು:
"ಹೆಣ್ಣು ಕರು. ಅಡ್ಡ ತಿರುಗಿತ್ತು. ಕಾವುದೀಪಕ್ಕೆ
ಕಾರಿನಿಂದಲೇ ತಂತಿ ಎಳೆದೆ. ಮೂರು ಬಾಕಿ ಇದೆ ನಿನ್ನದು."

ಗುರುವಾರ ಕಿಟಕಿಯ ಗಾಜು ಅದುರಿತು.
ಪರದೆ ಕೆಂಪಾಯಿತು, ಬೆರಳು ಗುಂಡಿಯ ಮೇಲೆ ಹೋಯಿತು,
ಹಳೆಯ ಚಾಳಿ.
ತಡೆದೆ. ಮೊದಲು ಫ್ಲೆಟ್‌ಗೆ ಮೂರು ಅಳೆದೆ,
ಮೇಲೆ ಕೈತಪ್ಪಿದಂತೆ ಒಂದಿಷ್ಟು ಕೊಸರು.
ಆಮೇಲೆ ಡ್ರೆವರ್, ಆಮೇಲೆ ಪಾದ್ರಿಯ ಕೆಂಪು ಕಾರು,
ಕ್ಲೌಸ್ಟನ್ ಸೋದರರಿಗೂ, ಇರಲಿ.
ಗುಡ್ಡದ ಮೇಲೆ ರೆಕ್ಕೆಗಳು ತಿರುಗುತ್ತಲೇ ಇದ್ದವು.

ಪಾಳಿ ಮುಗಿಸಿ ಹೊರಬಂದೆ.
ನನ್ನದು ಇನ್ನೂ ಡೀಸೆಲ್ ಗಾಡಿ.
ಮೂರನೇ ಸಲಕ್ಕೆ ಕೆಮ್ಮಿ ಎದ್ದಿತು.
ಗಾಳಿ ಬಾಗಿಲನ್ನು ಕೈಯಿಂದ ಕಿತ್ತುಕೊಂಡು
ಏನೋ ಅಂದಿತು. ಕೇಳಿಸಲಿಲ್ಲ.